ಒಲವೂ ಪಕ್ಷಪಾತವೂ ಒಂದಲ್ಲ

ಅರಸನು ಸಹವಾಸದೋಷದಿಂದ ಕೆಟ್ಟನೆಂಬ ಮಾತು ಕಥೆ ಹೇಳುವವರ ನಾಲಿಗೆಗೆ ಬಹು ಸುಲಭವಾಗಿ ಒದಗುತ್ತದೆ. ದುರ್ಜನನೊಬ್ಬನು ಹತ್ತಿರ ಸೇರಿದನು, ಕಿವಿಯೂದಿದನು, ಸಿಂಹಾಸನ ಉರುಳಿತು. ಹೇಳಿದವರಿಗೂ ಸಮಾಧಾನ, ಕೇಳಿದವರಿಗೂ ಸಮಾಧಾನ. ಇದರ ಬೆನ್ನಿಗೇ ಇನ್ನೊಂದು ತೀರ್ಪು ಹೊರಡುತ್ತದೆ: ಅಂತಹ ಅರಸನನ್ನು ಇಳಿಸಿದವರು ದ್ರೋಹಿಗಳಾದರೂ ರಾಜ್ಯವನ್ನು ಉಳಿಸಿದರು, ಆದುದರಿಂದ ಅವರ ದ್ರೋಹವನ್ನು ಹೆಚ್ಚಾಗಿ ಎಣಿಸಬೇಕಾದುದಿಲ್ಲ. ಕ್ರಿಸ್ಟಫರ್ ಮಾರ್ಲೊ ಎಂಬ ಇಂಗ್ಲಿಷ್ ನಾಟಕಕಾರನ ‘ಎರಡನೆಯ ಎಡ್ವರ್ಡ್’ ಎಂಬ ದುರಂತ ನಾಟಕವನ್ನು ಕುರಿತು ಮಾತನಾಡುವವರು ಈ ಎರಡು ತೀರ್ಪುಗಳಲ್ಲಿ ಒಂದನ್ನು ಹಿಡಿದುಕೊಂಡೇ ಹೊರಡುವುದು ವಾಡಿಕೆ. ನಾಟಕವನ್ನು ಮನವಿಟ್ಟು ಓದಿದವರಿಗೆ ಎರಡೂ ಸಲ್ಲವೆಂಬುದು ತಿಳಿಯುತ್ತದೆ. ಎರಡೂ ತಪ್ಪಿತಸ್ಥರಿಗೆ ಒದಗುವ ನೆವಗಳು. ಮೊದಲನೆಯದು ಕೊಟ್ಟವನ ಕೈಯನ್ನು ಮರೆಮಾಡುತ್ತದೆ. ಎರಡನೆಯದು ಕೊಂದವನ ಕೈಯನ್ನು.

ಮಾರ್ಲೊ 1564ರಲ್ಲಿ ಕ್ಯಾಂಟರ್‌ಬರಿ ಪಟ್ಟಣದಲ್ಲಿ ಪಾದರಕ್ಷೆ ಮಾಡುವವನೊಬ್ಬನ ಮಗನಾಗಿ ಜನಿಸಿದನು. ಶೇಕ್ಸ್‌ಪಿಯರನೂ ಅದೇ ವರ್ಷ ಹುಟ್ಟಿದವನು. 1593ರ ಮೇ 30ರಂದು ಡೆಟ್‌ಫರ್ಡ್ ಎಂಬಲ್ಲಿ ಇರಿತಕ್ಕೆ ಸಿಕ್ಕಿ ಮಾರ್ಲೊ ಸತ್ತಾಗ ಅವನಿಗಿನ್ನೂ 29 ವರ್ಷ. ಈ ನಾಟಕ ಅಚ್ಚಾದದ್ದು 1594ರಲ್ಲಿ, ಕರ್ತೃವು ತೀರಿಕೊಂಡ ಮೇಲೆ. ಹಾಲಿನ್‌ಷೆಡ್ ಎಂಬ ವೃತ್ತಾಂತಕಾರನ ಗ್ರಂಥದಿಂದ ವಸ್ತುವನ್ನು ತೆಗೆದುಕೊಂಡು, 1307ರಲ್ಲಿ ಎಡ್ವರ್ಡ್ ಪಟ್ಟಕ್ಕೆ ಬಂದುದು ಮೊದಲ್ಗೊಂಡು 1330ರಲ್ಲಿ ಮಾರ್ಟಿಮರನ ತಲೆ ಹೋಗುವವರೆಗಿನ ಇಪ್ಪತ್ತಮೂರು ವರ್ಷಗಳ ಸಂಗತಿಗಳನ್ನು ಕೆಲವೇ ಗಂಟೆಗಳ ಆಟದೊಳಗೆ ಆತನು ಹೊಂದಿಸಿದ್ದಾನೆ. ಹಾಗೆ ಹೊಂದಿಸುವಾಗ ಇತಿಹಾಸವನ್ನು ಅಲ್ಲಲ್ಲಿ ಎಳೆದಾಡಿದ್ದೂ ಉಂಟು. 1315ರಲ್ಲಿಯೇ ತೀರಿಕೊಂಡಿದ್ದ ವಾರಿಕ್ ಪ್ರಾಂತದ ಅರ್ಲ್, ನಾಟಕದಲ್ಲಿ 1322ರ ಯುದ್ಧವಾದ ಮೇಲೆ ಶಿರಚ್ಛೇದಕ್ಕೆ ಒಳಗಾಗುತ್ತಾನೆ. ಇಂತಹವನ್ನು ಎತ್ತಿ ತೋರಿಸುವುದು ಪಂಡಿತರಿಗೆ ಬಿಟ್ಟದ್ದು. ನಾಟಕದ ನ್ಯಾಯ ಅದರಿಂದ ಕೆಡುವುದಿಲ್ಲ.

ನಾಟಕವು ಒಂದು ಕಾಗದದಿಂದ ತೊಡಗಿ ಇನ್ನೊಂದು ಕಾಗದದಿಂದ ಮುಗಿಯುತ್ತದೆ. ಮೊದಲ ಕಾಗದ ಎಡ್ವರ್ಡ್ ಬರೆದದ್ದು. ತಂದೆ ತೀರಿಹೋದನು, ಇನ್ನು ಬಂದು ತನ್ನೊಡನೆ ರಾಜ್ಯವನ್ನು ಹಂಚಿಕೊಳ್ಳಬೇಕೆಂದು, ತಂದೆಯೇ ದೇಶದಿಂದ ಅಟ್ಟಿದ್ದ ತನ್ನ ಗೆಳೆಯ ಪಿಯರ್ಸ್ ಗ್ಯಾವೆಸ್ಟನನಿಗೆ ಕಳುಹಿಸಿದ ಕರೆ. ರಾಜ್ಯ ಎಂಬುದು ಹಂಚಿಕೊಳ್ಳತಕ್ಕ ತಿನಿಸೆಂಬ ಭಾವ ಈ ಮೊದಲ ಮಾತಿನಲ್ಲಿಯೇ ಇದೆ. ಗ್ಯಾವೆಸ್ಟನ್ ಬಂದಿಳಿದ ಗಳಿಗೆಯಲ್ಲಿ ಅರಸನು ಅವನಿಗೆ ಅರಮನೆಯ ಪ್ರಧಾನಾಧಿಕಾರ, ಮುಖ್ಯ ಕಾರ್ಯದರ್ಶಿಯ ಪದವಿ, ಕಾರ್ನ್‌ವಾಲಿನ ಅರ್ಲ್ ಎಂಬ ಬಿರುದು, ಮ್ಯಾನ್ ದ್ವೀಪದ ಒಡೆತನ ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಕೊಟ್ಟುಬಿಡುತ್ತಾನೆ. ಪಕ್ಕದಲ್ಲಿ ನಿಂತಿದ್ದ ಅರಸನ ತಮ್ಮ ಕೆಂಟ್, ಇವುಗಳಲ್ಲಿ ಯಾವುದಾದರೂ ಒಂದೇ ಇವನಿಗಿಂತ ದೊಡ್ಡ ಮನೆತನದವನಿಗೂ ಸಾಕಾಗಿತ್ತೆಂದು ಮೆಲ್ಲಗೆ ಹೇಳುತ್ತಾನೆ. ಅರಸನಿಗೆ ಈ ಮಾತು ಸಹ್ಯವಾಗುವುದಿಲ್ಲ. ಅಷ್ಟರಲ್ಲಿ ಕೊವೆಂಟ್ರಿಯ ಬಿಷಪ್ಪನು ಆ ದಾರಿಯಾಗಿ ಬರುತ್ತಾನೆ. ಗ್ಯಾವೆಸ್ಟನನ ಗಡೀಪಾರಿಗೆ ಹಿಂದೆ ಕಾರಣನಾಗಿದ್ದವನೆಂಬ ಹಗೆಯಿಂದ, ಆ ಧರ್ಮಗುರುವಿನ ಉಡುಪು ಕಿತ್ತು, ಅವನನ್ನು ಬೀದಿಯ ಚರಂಡಿಗೆ ಕೆಡವಿಸಿ, ಅವನ ಮನೆಯನ್ನೂ ಸೊತ್ತನ್ನೂ ಗೆಳೆಯನಿಗೆ ಬಿಡಲಾಗುತ್ತದೆ. ರಾಗವು ಹೊರಟ ಬಾಗಿಲಿನಿಂದಲೇ ದ್ವೇಷವೂ ಹೊರಟಿತು. ಒಬ್ಬನಿಗೆ ಅಳತೆಗೆಟ್ಟು ಕೊಡುವವನು ಇನ್ನೊಬ್ಬನಿಂದ ಅಳತೆಗೆಟ್ಟು ಕಸಿಯಲೇಬೇಕು; ಬೊಕ್ಕಸವು ತಾನಾಗಿ ಹುಟ್ಟುವುದಿಲ್ಲ.

ಇಲ್ಲಿ ಒಂದು ವಾದವನ್ನು ಎದುರಿಸಬೇಕಾಗಿದೆ. ಅರಸನ ಅಪರಾಧವು ಆ ಸ್ನೇಹದ ಸ್ವರೂಪದಲ್ಲಿಯೇ ಇತ್ತು, ಗಂಡಸು ಗಂಡಸಿನ ಮೇಲೆ ಇಟ್ಟ ಅತಿಯಾದ ಮೋಹಕ್ಕೆ ತಕ್ಕ ಶಿಕ್ಷೆಯಾಯಿತು ಎಂದು ಕೆಲವರು ಬಲು ಉತ್ಸಾಹದಿಂದ ಹೇಳುತ್ತಾರೆ. ನಾಟಕವೇ ಇದಕ್ಕೆ ಉತ್ತರ ಕೊಟ್ಟಿದೆ, ಅದೂ ಅರಸನ ವಿರೋಧಿಗಳ ಬಾಯಿಂದ. ಹಿರಿಯ ಮಾರ್ಟಿಮರನು ತನ್ನ ಅಣ್ಣನ ಮಗನಾದ ಕಿರಿಯ ಮಾರ್ಟಿಮರನಿಗೆ ಬುದ್ಧಿ ಹೇಳುವಾಗ, ಹಿಂದಿನ ಮಹಾರಾಜರಿಗೂ ಜ್ಞಾನಿಗಳಿಗೂ ಇಂತಹ ಪ್ರಿಯರಿದ್ದರೆಂದು ಅಲೆಕ್ಸಾಂಡರ್, ಸಾಕ್ರೆಟಿಸ್ ಮೊದಲಾದವರ ಹೆಸರನ್ನು ಎತ್ತುತ್ತಾನೆ; ಅರಸನು ಇನ್ನೂ ಎಳೆಯ, ವಯಸ್ಸು ಬಲಿತಂತೆ ಸರಿಹೋದಾನು ಎನ್ನುತ್ತಾನೆ. ಕಿರಿಯನು ಕೊಡುವ ಉತ್ತರ ಗಮನಿಸತಕ್ಕದ್ದು. ಅರಸನ ಒಲವು ತನ್ನನ್ನು ನೋಯಿಸಿಲ್ಲ, ಹೀನ ಕುಲದವನೊಬ್ಬನು ರಾಜ್ಯದ ಐಶ್ವರ್ಯವನ್ನು ಮೈಮೇಲೆ ಹೇರಿಕೊಂಡು ತಿರುಗುತ್ತಿರುವಾಗ ಸೈನಿಕರು ಸಂಬಳವಿಲ್ಲದೆ ದಂಗೆಯೇಳುತ್ತಿದ್ದಾರೆ ಎಂಬುದೇ ತನ್ನ ಸಿಟ್ಟು ಎಂದು ಅವನು ಹೇಳುತ್ತಾನೆ. ಈ ಮಾತಿನ ಅರ್ಧ ಸತ್ಯ, ಅರ್ಧ ಅಹಂಕಾರ. ಸತ್ಯವಾದ ಅರ್ಧವನ್ನು ಮೊದಲು ನೋಡಬಹುದು.

ಎಡ್ವರ್ಡ್ ತನ್ನ ಹೃದಯವನ್ನು ಕೊಟ್ಟಿದ್ದರೆ ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಅವನು ಕೊಟ್ಟದ್ದು ಅಧಿಕಾರವನ್ನು, ಅದು ಅವನದಾಗಿರಲಿಲ್ಲ. ಮುದ್ರೆಯು ಅರಸನ ಕೈಯಲ್ಲಿರುತ್ತದೆ, ಆದರೆ ಅರಸನ ಸೊತ್ತಲ್ಲ. ಈ ಭೇದವನ್ನು ಎಡ್ವರ್ಡ್ ಕಡೆಯವರೆಗೂ ತಿಳಿಯಲಿಲ್ಲವೆಂಬುದಕ್ಕೆ ನಾಟಕದಲ್ಲಿ ಬೇಕಾದಷ್ಟು ನಿದರ್ಶನಗಳಿವೆ. ಗ್ಯಾವೆಸ್ಟನನನ್ನು ಮತ್ತೆ ಗಡೀಪಾರು ಮಾಡಬೇಕೆಂದು ಸಾಮಂತರು ಒತ್ತಿದಾಗ, ಒಬ್ಬನಿಗೆ ನೌಕಾಪಡೆಯನ್ನು, ಇನ್ನೊಬ್ಬನಿಗೆ ಉತ್ತರದ ಪ್ರಾಂತವನ್ನು, ಮತ್ತೊಬ್ಬನಿಗೆ ವೇಲ್ಸನ್ನು ಕೊಡಲು ಅವನು ಮುಂದಾಗುತ್ತಾನೆ. ಅದೂ ಸಾಲದಿದ್ದರೆ ರಾಜ್ಯವನ್ನೇ ಹಲವು ತುಂಡು ಮಾಡಿ ಸಮನಾಗಿ ಹಂಚಿಕೊಳ್ಳಿರಿ, ಗೆಳೆಯನೊಡನೆ ನಲಿಯುವುದಕ್ಕೆ ಒಂದು ಮೂಲೆಯನ್ನು ಮಾತ್ರ ಬಿಡಿರಿ ಎನ್ನುತ್ತಾನೆ. ಪ್ರೇಮಿಯ ಬಾಯಲ್ಲಿ ಇದು ತ್ಯಾಗದಂತೆ ಕೇಳಿಸುತ್ತದೆ. ವೇಲ್ಸಿನ ಪ್ರಜೆಗಳನ್ನು ಯಾರೂ ಕೇಳಲಿಲ್ಲವೆಂಬುದನ್ನು ನೆನೆದರೆ ಆ ಇಂಪು ಉಳಿಯದು. ನಾರ್ಮಂಡಿಗೆ ಫ್ರಾನ್ಸಿನ ಅರಸನು ಕಾಲಿಟ್ಟನೆಂಬ ಸುದ್ದಿ ಬಂದಾಗ ಎಡ್ವರ್ಡ್ ಅದನ್ನು ಕ್ಷುಲ್ಲಕವೆಂದು ತಳ್ಳಿ, ಗೆಳೆಯನ ಸ್ವಾಗತದ ಉತ್ಸವಕ್ಕೆ ಸಾಮಂತರು ತಮ್ಮ ಗುರಾಣಿಗಳ ಮೇಲೆ ಏನು ಚಿತ್ರ ಬರೆಯಿಸಿದ್ದಾರೆಂದು ವಿಚಾರಿಸುತ್ತಾನೆ. (ನಿಜವಾದ ಇತಿಹಾಸದಲ್ಲಿ ನಾರ್ಮಂಡಿಯು ಇವನಿಗಿಂತ ನೂರು ವರ್ಷ ಮೊದಲು, 1204ರಲ್ಲಿಯೇ, ಇಂಗ್ಲೆಂಡಿನ ಕೈಬಿಟ್ಟಿತ್ತು. ಮಾರ್ಲೊವಿಗೆ ಕಳೆದುಹೋಗುವ ಒಂದು ಸೀಮೆ ಬೇಕಾಗಿತ್ತು.)

ಎಲ್ಲಕ್ಕಿಂತ ಕಟುವಾದದ್ದು ಹಿರಿಯ ಮಾರ್ಟಿಮರನ ಪ್ರಸಂಗ. ಅರಸನ ಯುದ್ಧಕ್ಕೆಂದು, ಅರಸನ ಆಜ್ಞೆಯಿಂದ, ಸ್ಕಾಟ್ಲೆಂಡಿನ ಕಡೆಗೆ ಹೋದ ಆ ಮುದುಕನು ಅಲ್ಲಿ ಸೆರೆಯಾಗುತ್ತಾನೆ. ಶತ್ರುಗಳು ಕೇಳಿದ ಬಿಡುಗಡೆಯ ಹಣ ಐದು ಸಾವಿರ ಪೌಂಡು. ಕಿರಿಯ ಮಾರ್ಟಿಮರನು ಅರಸನ ಬಳಿ ಬಂದು, ಸೆರೆಯಾದದ್ದು ನಿನ್ನ ಯುದ್ಧದಲ್ಲಿ, ಹಣವನ್ನು ನೀನು ಕೊಡಬೇಕು ಎಂದು ಕೇಳಿದರೆ, ರಾಜಮುದ್ರೆಯನ್ನು ಕೊಡುವೆನು, ಊರೂರು ತಿರುಗಿ ಎತ್ತಿಕೊಳ್ಳಿರಿ ಎಂಬ ಉತ್ತರ ಬರುತ್ತದೆ. ಗೆಳೆಯನಿಗೆ ಅದೇ ಮುದ್ರೆ ಬೊಕ್ಕಸದ ಬೀಗದ ಕೈ, ಸೇವಕನಿಗೆ ಭಿಕ್ಷಾಪಾತ್ರೆ. ಪಕ್ಷಪಾತವೆಂದರೆ ಒಬ್ಬನನ್ನು ಹೆಚ್ಚಾಗಿ ಪ್ರೀತಿಸುವುದೆಂದು ತಿಳಿದವರು ಈ ದೃಶ್ಯವನ್ನು ಇನ್ನೊಮ್ಮೆ ಓದಬೇಕು. ಪ್ರೀತಿಯಿಂದ ಯಾರಿಗೂ ಏನೂ ಕಡಿಮೆಯಾಗದು. ಸಲ್ಲಬೇಕಾದವನಿಗೆ ಸಲ್ಲದಂತೆ ಮಾಡಿದಾಗ ಮಾತ್ರ ಅದಕ್ಕೆ ಪಕ್ಷಪಾತವೆಂಬ ಹೆಸರು ಬರುತ್ತದೆ.

ಇನ್ನು ಸಾಮಂತರ ವಾದದ ಮತ್ತೊಂದು ಅರ್ಧ. ಗ್ಯಾವೆಸ್ಟನನು ಹೀನ ಕುಲದವನೆಂಬ ಕೂಗು ನಾಟಕದುದ್ದಕ್ಕೂ ಕೇಳಿಬರುತ್ತದೆ. ಇತಿಹಾಸದ ಗ್ಯಾವೆಸ್ಟನನು ಗ್ಯಾಸ್ಕನಿಯ ಒಬ್ಬ ನೈಟನ ಮಗ, ತಕ್ಕಮಟ್ಟಿನ ಮನೆತನದವನೇ. ನಾಟಕದವನು ನಿಜವಾಗಿಯೂ ಬಡವರ ಮಗನಾಗಿದ್ದನೆಂದೇ ಇಟ್ಟುಕೊಂಡರೂ, ಅದು ಆಕ್ಷೇಪವಾಗುವುದು ಹೇಗೆ? ಅಯೋಗ್ಯನಿಗೆ ಅಧಿಕಾರ ಕೊಟ್ಟದ್ದು ತಪ್ಪೆಂದರೆ ಒಪ್ಪಬಹುದು. ಕುಲವಿಲ್ಲದವನಿಗೆ ಕೊಟ್ಟದ್ದು ತಪ್ಪೆಂದರೆ, ಲ್ಯಾಂಕಾಸ್ಟರನ ಐದು ಅರ್ಲ್ ಪದವಿಗಳು ಅವನ ಯಾವ ಯೋಗ್ಯತೆಯಿಂದ ಬಂದುವೆಂದು ಕೇಳಬೇಕಾಗುತ್ತದೆ. ಅಜ್ಜನ ಕಾಲದ ಪಕ್ಷಪಾತವೇ ಮೊಮ್ಮಗನ ಕಾಲದಲ್ಲಿ ಹಕ್ಕೆನಿಸಿಕೊಳ್ಳುತ್ತದೆ. ಹಳೆಯದಾದ ಮಾತ್ರಕ್ಕೆ ಕೆಸರು ಗಂಧವಾಗದು. ಪಾದರಕ್ಷೆ ಮಾಡುವವನ ಮಗನೊಬ್ಬನು ಈ ದೊಡ್ಡವರ ಬಾಯಲ್ಲಿ ಕುಲದ ಮಾತನ್ನು ಮತ್ತೆಮತ್ತೆ ಇಟ್ಟದ್ದು ಅವರನ್ನು ಮೆಚ್ಚಿ ಇಟ್ಟದ್ದೆಂದು ನಂಬುವುದು ಕಷ್ಟ. ಕಷಾಯಗಳನ್ನು ನಾಲ್ಕಾಗಿ ಎಣಿಸಿದ ಆಚಾರ್ಯರು ಕ್ರೋಧದ ಮಗ್ಗುಲಲ್ಲಿಯೇ ಮಾನವನ್ನು ಇರಿಸಿದ್ದು ಸುಮ್ಮನೆ ಅಲ್ಲ. ಈ ಸಾಮಂತರ ಕ್ರೋಧವು ಸೈನಿಕರ ಸಂಬಳದ ಹೆಸರಿನಲ್ಲಿ ಮಾತನಾಡುತ್ತದೆ, ಮಾನವು ಅದರ ಹಿಂದೆ ನಿಂತು ಮಾತನ್ನು ಹೇಳಿಕೊಡುತ್ತದೆ.

ಅವರು ನಿಸ್ಪೃಹರೂ ಆಗಿರಲಿಲ್ಲ. ರಾಣಿ ಇಸಾಬೆಲ್ಲಾಳ ಬೇಡಿಕೆಯಂತೆ ಗ್ಯಾವೆಸ್ಟನನನ್ನು ಮರಳಿ ಕರೆಸಲು ಒಪ್ಪಿದ ದಿನ, ಸಂತೋಷದಿಂದ ಮೈಮರೆತ ಅರಸನು ಅವರಿಗೂ ಪದವಿಗಳನ್ನು ಎರಚುತ್ತಾನೆ: ವಾರಿಕ್‌ಗೆ ಮಂತ್ರಿಪದವಿ, ಕಿರಿಯ ಮಾರ್ಟಿಮರನಿಗೆ ಮಾರ್ಷಲ್ ಅಧಿಕಾರ, ಹಿರಿಯನಿಗೆ ಸೇನಾಪತ್ಯ. ಅರಸನು ಕೇವಲ ಸಂತೋಷದಿಂದ ಕೊಡುವ ಪದವಿಗಳು ಅನ್ಯಾಯವೆಂದು ಅದುವರೆಗೆ ಸಾರುತ್ತಿದ್ದವರಲ್ಲಿ ಒಬ್ಬನೂ ಬೇಡವೆನ್ನಲಿಲ್ಲ. ಅವರ ದೂರು ಪಂಕ್ತಿಯಲ್ಲಿ ಬಡಿಸುವವನ ಭೇದದ ಮೇಲಾಗಿರಲಿಲ್ಲ, ತಮ್ಮ ಎಲೆಗೆ ಬೀಳಲಿಲ್ಲವೆಂಬುದರ ಮೇಲಾಗಿತ್ತು. ಇತಿಹಾಸದ ಸಾಮಂತರಿಗೆ ಇದಕ್ಕಿಂತ ಹೆಚ್ಚಿನ ಗೌರವ ಸಲ್ಲಬೇಕೆಂಬುದು ದಿಟ. 1311ರಲ್ಲಿ ಇಪ್ಪತ್ತೊಂದು ಮಂದಿ ಸೇರಿ ರೂಪಿಸಿದ ಕಟ್ಟಳೆಗಳಲ್ಲಿ, ಅರಸನು ಭೂಮಿಕಾಣಿಗಳನ್ನು ತನ್ನ ಇಷ್ಟದಂತೆ ದಾನ ಮಾಡಕೂಡದು, ಸಮ್ಮತಿ ಪಡೆದೇ ಮಾಡಬೇಕೆಂಬ ವಿಧಿಯಿತ್ತು, ನ್ಯಾಯವಾದ ಮಾತು. ಆದರೆ ಮಾರ್ಲೊ ಆ ಕಟ್ಟಳೆಗಳನ್ನು ನಾಟಕಕ್ಕೆ ತರಲಿಲ್ಲ. ತಂದದ್ದು ಅವರ ಹೊಂಚನ್ನು. ಗ್ಯಾವೆಸ್ಟನನನ್ನು ಮರಳಿ ಕರೆಸಲು ಮಾರ್ಟಿಮರನು ಕೊಡುವ ಕಾರಣ ಇದು: ಅವನು ಐರ್ಲೆಂಡಿನಲ್ಲಿದ್ದರೆ ಹಣದಿಂದ ಮಿತ್ರರನ್ನು ಕೊಂಡುಕೊಂಡಾನು, ಇಲ್ಲಿಯೇ ಇದ್ದರೆ ಯಾವನಾದರೂ ಆಳಿನ ಕೈಯಿಂದ ಇರಿಸಿಬಿಡುವುದು ಸುಲಭ. ದಂಡನೆಯಲ್ಲಿಯೂ ತಮ್ಮ ಕೈಗೆ ಮಸಿ ಹತ್ತಬಾರದೆಂಬ ಈ ಬುದ್ಧಿಯೇ ಮುಂದೆ ಬೆಳೆದು ಎರಡನೆಯ ಕಾಗದವನ್ನು ಬರೆಯಿಸುತ್ತದೆ.

ಗ್ಯಾವೆಸ್ಟನನ ಕೊಲೆಯೂ ಮಾತು ಮುರಿದೇ ನಡೆಯಿತು. ಸಾಯುವ ಮೊದಲು ಒಮ್ಮೆ ಅರಸನ ಮುಖ ನೋಡಿ ಬರಲು ಪೆಂಬ್ರೋಕನು ತನ್ನ ಹೊಣೆಯ ಮೇಲೆ ಅವನನ್ನು ಬಿಡಿಸಿಕೊಂಡಿದ್ದನು; ವಾರಿಕ್ ದಾರಿಯಲ್ಲಿ ಅಡ್ಡಗಟ್ಟಿ ಕೊಂಡೊಯ್ದನು. 1312ರ ಜೂನ್ 19ರಂದು ಬ್ಲ್ಯಾಕ್‌ಲೊ ಗುಡ್ಡದ ಮೇಲೆ ಅವನನ್ನು ಕೊಂದದ್ದು ಇತಿಹಾಸ. ಸುದ್ದಿ ಕೇಳಿದ ಎಡ್ವರ್ಡ್ ಮಂಡಿಯೂರಿ ಸೇಡಿನ ಶಪಥ ಮಾಡುತ್ತಾನೆ. ಅದೇ ಉಸಿರಿನಲ್ಲಿ, ಅದೇ ನೆಲದ ಮೇಲೆ, ಪಕ್ಕದಲ್ಲಿದ್ದ ಸ್ಪೆನ್ಸರನೆಂಬ ಯುವಕನನ್ನು ಕೇವಲ ಒಲವಿನ ಕಾರಣದಿಂದ ಗ್ಲಾಸ್ಟರಿನ ಅರ್ಲ್ ಆಗಿ, ಅರಮನೆಯ ಪ್ರಧಾನಾಧಿಕಾರಿಯಾಗಿ ನೇಮಿಸುತ್ತಾನೆ. ಸಹವಾಸದೋಷವೆಂಬ ತೀರ್ಪು ಈ ಒಂದು ಮಾತಿನಿಂದ ಬಿದ್ದುಹೋಗುತ್ತದೆ. ಗ್ಯಾವೆಸ್ಟನನು ಅರಸನನ್ನು ಕೆಡಿಸಿದ್ದಾದರೆ, ಅವನು ಸತ್ತ ದಿನ ಅರಸನು ಸರಿಹೋಗಬೇಕಾಗಿತ್ತು. ಪೀಠ ಬರಿದಾದೊಡನೆ ಅದರ ಮೇಲೆ ಇನ್ನೊಬ್ಬನನ್ನು ಕೂರಿಸಿದವನು ಯಾರು? ಪ್ರಿಯನು ಅರಸನನ್ನು ಸೃಷ್ಟಿಸಲಿಲ್ಲ, ಅರಸನು ಪ್ರಿಯನನ್ನು ಸೃಷ್ಟಿಸಿದನು. 1327ರ ಜನವರಿಯಲ್ಲಿ ಎಡ್ವರ್ಡನನ್ನು ಪಟ್ಟದಿಂದ ಇಳಿಸಿದವರು ಹೊರಿಸಿದ ಆರೋಪಗಳಲ್ಲಿ ಮೊದಲಿಗೆ ಬರುವುದು, ಅರಸನು ಇತರರ ದುರಾಲೋಚನೆಗೆ ಒಳಗಾಗಿ ನಡೆದನೆಂಬ ಮಾತು. ಆ ತೀರ್ಪನ್ನು ಮೊದಲು ಬರೆದವರು ಯಾರೆಂಬುದನ್ನು ಇಂದಿಗೂ ಅದನ್ನೇ ಹೇಳುತ್ತಿರುವವರು ಗಮನಿಸಬೇಕು.

ನಾಟಕದ ಉತ್ತರಾರ್ಧದಲ್ಲಿ ಮಾರ್ಲೊ ತಕ್ಕಡಿಯನ್ನು ನಿಧಾನವಾಗಿ ಮಗುಚುತ್ತಾನೆ. ಅರಸನಿಂದ ಅವಮಾನಗೊಂಡ ರಾಣಿ ಮೊದಲಲ್ಲಿ ಕನಿಕರಕ್ಕೆ ಪಾತ್ರಳು. ಗಂಡನು ಅವಳನ್ನು ಹತ್ತಿರ ಸೇರಿಸದೆ, ಮಾರ್ಟಿಮರನೊಡನೆ ಅವಳ ಹೆಸರನ್ನು ಎಳೆದು ಆಡುತ್ತಾನೆ. ಆಗ ಅದು ಅಪವಾದ. ಫ್ರಾನ್ಸಿಗೆ ಹೋಗಿ, ಸೆರೆಮನೆಯಿಂದ ತಪ್ಪಿಸಿಕೊಂಡು ಬಂದ ಮಾರ್ಟಿಮರನೊಡನೆ ಸೇನೆ ಕಟ್ಟಿ ಮರಳಿದ ಮೇಲೆ ಅದು ಅಪವಾದವಾಗಿ ಉಳಿಯುವುದಿಲ್ಲ. 1326ರ ಸೆಪ್ಟೆಂಬರಿನಲ್ಲಿ ಈ ಸೇನೆ ಇಂಗ್ಲೆಂಡಿನ ದಡಕ್ಕೆ ಇಳಿಯಿತು. ನವೆಂಬರಿನಲ್ಲಿ ಅರಸನು ಸೆರೆಯಾದನು. ಸನ್ಯಾಸಿಗಳ ಮಠದಲ್ಲಿ ವೇಷ ಮರೆಸಿಕೊಂಡು, ಮಠಾಧಿಪತಿಯ ಮಡಿಲಲ್ಲಿ ತಲೆಯಿಟ್ಟು ಮಲಗಬಯಸುವ ಆ ಎಡ್ವರ್ಡನನ್ನು ಹುಲ್ಲು ಕೊಯ್ಯುವವನೊಬ್ಬನು ತೋರಿಸಿಕೊಡುತ್ತಾನೆ. ಅಲ್ಲಿಂದ ಮುಂದೆ ಓದುಗನ ಮನಸ್ಸು ಅವನ ಕಡೆಗೆ ತಿರುಗದೆ ಇರಲಾರದು. ಕೆನಿಲ್‌ವರ್ತ್ ಕೋಟೆಯಲ್ಲಿ ಕಿರೀಟವನ್ನು ತೆಗೆಯುವುದು, ಮತ್ತೆ ಇಟ್ಟುಕೊಳ್ಳುವುದು, ಸಂಜೆಯವರೆಗಾದರೂ ತಲೆಯ ಮೇಲಿರಲೆಂದು ಬೇಡುವುದು. ಮುಂದೆ ಕೊಳೆನೀರಿನಿಂದ ಅವನ ಗಡ್ಡವನ್ನು ಬೋಳಿಸುವುದು. ಬರ್ಕ್ಲಿ ಕೋಟೆಯಲ್ಲಿ ಇಡೀ ಅರಮನೆಯ ಹೊಲಸು ಹರಿದು ಸೇರುವ ಕೂಪದಲ್ಲಿ ಹತ್ತು ದಿನ ನಿಲ್ಲಿಸಿ, ನಿದ್ದೆ ಬಾರದಂತೆ ನಗಾರಿ ಬಡಿಸುವುದು. ಈ ಮರಣದೃಶ್ಯವು ಹಳೆಯ ಹೊಸ ನಾಟಕಗಳಲ್ಲಿ ತಾನು ಕಂಡ ಯಾವುದಕ್ಕಿಂತಲೂ ಹೆಚ್ಚಾಗಿ ಕರುಣೆಯನ್ನೂ ಭಯವನ್ನೂ ಹುಟ್ಟಿಸುತ್ತದೆಂಬ ಅಭಿಪ್ರಾಯವನ್ನು ಚಾರ್ಲ್ಸ್ ಲ್ಯಾಮ್ 1808ರಲ್ಲಿ ಬರೆದನು. ಅದು ಅತಿಯಾದ ಹೊಗಳಿಕೆಯೆಂದು ಹೇಳುವುದು ಕಷ್ಟ.

ಆ ಕೂಪದೊಳಗೆ ನಡೆಯುವ ಒಂದು ಚಿಕ್ಕ ಸಂಗತಿಯನ್ನು ಅನೇಕರು ದಾಟಿ ಹೋಗುತ್ತಾರೆ. ಕೊಲೆಗೆಂದೇ ಬಂದಿರುವ ಲೈಟ್‌ಬಾರ್ನ್ ಎಂಬವನ ಕಣ್ಣಿನಲ್ಲಿ ಎಡ್ವರ್ಡ್ ತನ್ನ ಸಾವನ್ನು ಓದುತ್ತಾನೆ. ಓದಿಯೂ, ಮೈಮೇಲೆ ಉಳಿದಿದ್ದ ಒಂದೇ ಒಂದು ರತ್ನವನ್ನು ತೆಗೆದು ಅವನಿಗೆ ಕೊಡುತ್ತಾನೆ. ಅದರಿಂದ ಅವನ ಮನಸ್ಸು ಬದಲಾದೀತೆಂಬ ಆಸೆ. ಕೊಟ್ಟು ಕೊಂಡುಕೊಳ್ಳುವುದೊಂದೇ ಅವನು ಬಲ್ಲ ಬಾಂಧವ್ಯ. ಆದರೆ ಜೀವಮಾನದಲ್ಲಿ ಮೊದಲ ಬಾರಿಗೆ ಅವನು ನಿಜವಾಗಿಯೂ ತನ್ನದಾದ ವಸ್ತುವನ್ನು ಕೊಟ್ಟಿದ್ದಾನೆ. ರಾಜ್ಯವಿಲ್ಲ, ಮುದ್ರೆಯಿಲ್ಲ, ಪರರ ಮನೆಯಿಲ್ಲ. ತೆಗೆದುಕೊಂಡವನು ಅವನನ್ನು ಕೊಂದನು.

ಇನ್ನು ಎರಡನೆಯ ಕಾಗದ. ಅರಸನನ್ನು ಕೊಲ್ಲಿಸಬೇಕು, ಕೊಲ್ಲಿಸಿದವನೆಂಬ ಹೆಸರು ಬರಬಾರದು. ಇದು ಮಾರ್ಟಿಮರನ ಸಮಸ್ಯೆ. ಅದಕ್ಕೆ ಅವನು ಕಂಡುಕೊಂಡ ಉಪಾಯ ಲ್ಯಾಟಿನ್ ಭಾಷೆಯ ಒಂದು ವಾಕ್ಯ. ಅದರೊಳಗೆ ಒಂದು ಕಡೆ ನಿಲ್ಲಿಸಿ ಓದಿದರೆ ಅರಸನನ್ನು ಕೊಲ್ಲಲು ಅಂಜಬೇಡ, ಕೊಲ್ಲುವುದೇ ಒಳಿತು ಎಂದಾಗುತ್ತದೆ; ಇನ್ನೊಂದು ಕಡೆ ನಿಲ್ಲಿಸಿದರೆ ಕೊಲ್ಲಬೇಡ, ಅಂಜುವುದೇ ಒಳಿತು ಎಂದು. ವಿರಾಮಚಿಹ್ನೆಯನ್ನು ಹಾಕದೆಯೇ ಅದನ್ನು ಕಳುಹಿಸುತ್ತಾನೆ. ತನ್ನ ಮಿತ್ರನೊಬ್ಬನು ಬರೆದದ್ದೆಂದು ಬೇರೆ ಹೇಳಿಕೊಳ್ಳುತ್ತಾನೆ. ಅದನ್ನು ಒಯ್ಯುವ ಲೈಟ್‌ಬಾರ್ನನ ಕೈಯಲ್ಲಿ, ಕೆಲಸ ಮುಗಿದೊಡನೆ ಇವನನ್ನೂ ಮುಗಿಸಿರೆಂಬ ಗುಪ್ತ ಸಂಕೇತವನ್ನೂ ಇಡುತ್ತಾನೆ. ಬರೆದವನು ಬೇರೆ, ಒಯ್ದವನು ಬೇರೆ, ಓದಿದವನು ಬೇರೆ, ಕೊಂದವನು ಬೇರೆ; ಪಾಪವು ಯಾರ ಮನೆಯ ಬಾಗಿಲಿಗೆ ಹೋಗಬೇಕೆಂದು ತಿಳಿಯದೆ ದಾರಿಯಲ್ಲಿಯೇ ನಿಂತುಬಿಡುವುದೆಂದು ಇವನ ಲೆಕ್ಕ.

ಶ್ರಾವಕರ ಮನೆಗಳಲ್ಲಿ ಈ ಲೆಕ್ಕವು ಎಷ್ಟು ಕಚ್ಚಾ ಎಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮವು ಹರಿದು ಬರುವ ಬಗೆಗಳನ್ನು ಎಣಿಸುವಾಗ, ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರನ್ನು ಮನಸ್ಸು, ಮಾತು, ದೇಹ ಎಂಬ ಮೂರರಿಂದ ಗುಣಿಸಿ, ಅದನ್ನು ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು ಎಂಬ ಮೂರರಿಂದ ಗುಣಿಸಿ, ಕಡೆಗೆ ನಾಲ್ಕು ಕಷಾಯಗಳಿಂದ ಗುಣಿಸುತ್ತದೆ. ನೂರೆಂಟು ಬಾಗಿಲುಗಳಾಗುತ್ತವೆ. ಮಾರ್ಟಿಮರನು ಒಂದು ವಿರಾಮಚಿಹ್ನೆಯನ್ನು ಬಿಟ್ಟು ಮುಚ್ಚಲು ಯತ್ನಿಸಿದ್ದು ಇವುಗಳಲ್ಲಿ ಒಂದನ್ನು. ಕೈಯಿಂದ ಮಾಡದೆ ಮಾಡಿಸಿದ್ದು ಕಾರಿತದಲ್ಲಿ ಸೇರಿತು. ಎರಡರ್ಥದ ವಾಕ್ಯವನ್ನು ಹೊಸೆದದ್ದು ನಾಲ್ಕು ಕಷಾಯಗಳಲ್ಲಿ ಮಾಯೆಗೆ ಸಂದಿತು. 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯನ್ನು ಬಲ್ಲವರಿಗೆ ಹಿಟ್ಟಿನ ಕೋಳಿಯ ನೆನಪಾಗದಿರದು. ಅಲ್ಲಿಯೂ ಹೆಂಡತಿಯಿಂದ ವಂಚಿತನಾದ ಅರಸನಿದ್ದಾನೆ. ಜೀವವೇ ಇಲ್ಲದ ಕೋಳಿಯನ್ನು ಕಡಿದ ಸಂಕಲ್ಪವೊಂದೇ ಜನ್ಮಜನ್ಮಾಂತರಗಳ ನೋವಿಗೆ ಸಾಕಾಯಿತು. ಜೀವವಿದ್ದ ಅರಸನನ್ನು ವ್ಯಾಕರಣದ ಮರೆಯಲ್ಲಿ ಕೊಲ್ಲಿಸಿದವನು ಕೈ ತೊಳೆದುಕೊಳ್ಳಬಹುದೆಂದು ವಾದಿಸುವವರು ಯಾವ ಗ್ರಂಥವನ್ನು ಆಧರಿಸುತ್ತಾರೋ!

ಇದೆಲ್ಲ ಏಳು ನೂರು ವರ್ಷಗಳ ಹಿಂದಿನ ಪರದೇಶದ ಅರಸರ ಸಂಗತಿಯೆಂದು ಬದಿಗಿರಿಸಲು ಅಡ್ಡಿಯಿಲ್ಲ. ಆದರೆ ಸಾರ್ವಜನಿಕ ನಿಧಿಯ ಬೀಗದ ಕೈ ಹಿಡಿದವರಿಗೆ, ಬಸದಿಯ ಭಂಡಾರವಾಗಲಿ ವಿದ್ಯಾರ್ಥಿನಿಲಯದ ಲೆಕ್ಕವಾಗಲಿ ತಮ್ಮ ಸಹಿಯಿಂದ ನಡೆಯುವವರಿಗೆ, ಆ ಎರಡು ಕಾಗದಗಳೂ ಅಪರಿಚಿತವೆನಿಸಲಾರವು. ತಮ್ಮವನೊಬ್ಬನಿಗೆ ಮೆಲ್ಲಗೆ ದೊರಕಿಸಿಕೊಟ್ಟ ಗುತ್ತಿಗೆಯು ಮೊದಲನೆಯದರ ಜಾತಿಗೆ ಸೇರಿದ್ದು. ಹೇಗೆ ಬೇಕಾದರೂ ಓದಿಕೊಳ್ಳಬಹುದಾದಂತೆ ಬರೆದ ನಡಾವಳಿಯ ಒಂದು ಸಾಲು, ಯಾರನ್ನು ತೆಗೆದುಹಾಕಲಾಯಿತೆಂದು ಹೇಳದೆಯೇ ತೆಗೆದುಹಾಕುವ ಒಂದು ಠರಾವು ಎರಡನೆಯದರ ಜಾತಿಗೆ. ವರ್ಷಗಟ್ಟಳೆ ದುಡಿದ ಅರ್ಚಕನಿಗೋ ಅಡುಗೆಯವನಿಗೋ ಕಾಯಿಲೆಯಾದಾಗ, ನಿಧಿಯನ್ನು ಮುಟ್ಟದೆ, ವಂತಿಗೆ ಎತ್ತಿಕೊಳ್ಳಲು ಅನುಮತಿಪತ್ರವನ್ನು ಕೊಟ್ಟು ಕಳುಹಿಸುವ ಔದಾರ್ಯವೂ ಎಡ್ವರ್ಡನದೇ.

ದ್ರೋಹವು ರಾಜ್ಯವನ್ನು ಉಳಿಸಿತೆಂಬ ಎರಡನೆಯ ತೀರ್ಪು ಇನ್ನೂ ಉಳಿದಿದೆ. ಉಳಿಸಿದ್ದೇನೆಂಬುದನ್ನು ಮಾರ್ಟಿಮರನೇ ನಾಟಕದಲ್ಲಿ ಹೇಳಿಕೊಳ್ಳುತ್ತಾನೆ: ರಾಣಿಯೂ ಬಾಲರಾಜನೂ ತನ್ನ ಅಂಕೆಯಲ್ಲಿದ್ದಾರೆ, ದೊಡ್ಡ ದೊಡ್ಡ ಪ್ರಭುಗಳು ತಲೆಬಾಗುತ್ತಾರೆ, ಮುದ್ರೆ ಒತ್ತುವುದೂ ಒತ್ತಿದ್ದನ್ನು ಅಳಿಸುವುದೂ ತನ್ನ ಇಷ್ಟ. ಗ್ಯಾವೆಸ್ಟನನು ಕನಸಿನಲ್ಲಿಯೂ ಇಷ್ಟು ಪಡೆದಿರಲಿಲ್ಲ. ಇತಿಹಾಸವೂ ಇದನ್ನೇ ಹೇಳುತ್ತದೆ. ಬಿರುದುಗಳ ಅತಿದಾನವನ್ನು ದೂರಿದವನು 1328ರಲ್ಲಿ, ಅದುವರೆಗೆ ಇಂಗ್ಲೆಂಡಿನಲ್ಲಿ ಇಲ್ಲದಿದ್ದ ಮಾರ್ಚ್ ಸೀಮೆಯ ಅರ್ಲ್ ಎಂಬ ಹೊಸ ಬಿರುದನ್ನು ಪಡೆದುಕೊಂಡನು. 1330ರ ಮಾರ್ಚಿಯಲ್ಲಿ ಕೆಂಟ್ ಪ್ರಾಂತದ ಅರ್ಲನ ತಲೆ ತೆಗೆಸಲಾಯಿತು. ನಾಟಕದಲ್ಲಿ ಬಾಲರಾಜನು ಚಿಕ್ಕಪ್ಪನ ಪ್ರಾಣವನ್ನು ಉಳಿಸೆಂದು ಬೇಡಿದರೂ ಮಾರ್ಟಿಮರನು ಬಿಡಲಿಲ್ಲ. ಕೆಂಟನ ಸ್ಥಿತಿಯು ಈ ನಾಟಕದ ನಿಜವಾದ ನೋವು. ಅಣ್ಣನ ಅನ್ಯಾಯವನ್ನು ಮೊದಲು ಎತ್ತಿ ಹೇಳಿದವನು ಅವನು. ಅದು ಕೇಳಲಾರದಾದಾಗ ಎದುರಾಳಿಗಳ ಕಡೆ ಸೇರಿದನು, ಅವರ ಬಣ್ಣ ತಿಳಿದಾಗ ಅಣ್ಣನನ್ನು ಬಿಡಿಸಲು ಒಬ್ಬನೇ ಹೊರಟನು. ಎರಡು ಕಡೆಯವರೂ ಅವನನ್ನು ಚಂಚಲನೆಂದರು. ಮಧ್ಯಸ್ಥನಾಗಿ ನಡೆದವನ ಹೆಜ್ಜೆ ಪಕ್ಷ ಕಟ್ಟಿದವರ ಕಣ್ಣಿಗೆ ಸೊಟ್ಟಾಗಿಯೇ ಕಾಣುತ್ತದೆ.

ಕಡೆಯ ದೃಶ್ಯದಲ್ಲಿ ಎಳೆಯ ಅರಸ ಮೂರನೆಯ ಎಡ್ವರ್ಡ್, ತಂದೆಯನ್ನು ಕೊಂದವನು ನೀನೆಂದು ಮಾರ್ಟಿಮರನಿಗೆ ಹೇಳುತ್ತಾನೆ. ಮಾರ್ಟಿಮರನು ತಲ್ಲಣಿಸುವುದಿಲ್ಲ, ಅದಕ್ಕೆ ಸಾಕ್ಷಿ ಏನಿದೆಯೆಂದು ಕೇಳುತ್ತಾನೆ. ಅವನು ಎಲ್ಲವನ್ನೂ ಲೆಕ್ಕ ಹಾಕಿದ್ದನು, ಒಂದನ್ನು ಬಿಟ್ಟು. ಲೈಟ್‌ಬಾರ್ನನನ್ನು ಇರಿದು ಕೊಂದ ಗರ್ನಿ ಎಂಬ ಕಾವಲುಗಾರನು ಓಡಿಹೋಗಿ ಎಲ್ಲವನ್ನೂ ಬಯಲುಮಾಡಿದ್ದನು. ದ್ರೋಹದಿಂದ ನಡೆದ ಕೆಲಸಕ್ಕೆ ಸಿಕ್ಕ ಆಳುಗಳೂ ಅದೇ ಜಾತಿಯವರು. ಹುಡುಗನು ಕಾಗದವೊಂದನ್ನು ಮುಂದೆ ಹಿಡಿದು, ಇದು ಮಾರ್ಟಿಮರನ ಕೈಬರಹವೇ ಎಂದು ಕೇಳುತ್ತಾನೆ. ವಾಕ್ಯವನ್ನು ಎಲ್ಲಿ ನಿಲ್ಲಿಸಿ ಓದಬೇಕೆಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ.